ಪಂಚಮಿಗೆ ಹೋಗಿ ಬರ್ತೇನ್ರಿ

ಪುಠಾಣಿ, ಅಂದರೆ ಹುರಿಗಡಲೆಯ ಹಿಟ್ಟು, ಬೆಲ್ಲದ ನೀರಿನಲ್ಲಿ ನೆನೆದ ವಾಸನೆ ಬಂದರೆ ಸಾಕು, ಎಪ್ಪತ್ತರ ದಶಕದ ಇಳಕಲ್ಲಿನ ನಮ್ಮ ಮನೆಯ ಯುಗಾದಿ ನನ್ನೆದುರು ಬಂದು ನಿಲ್ಲುತ್ತದೆ. ಆ ಮನೆಯೂ ಇಲ್ಲ, ಅದರೊಳಗಿನ ಮಂದಿಯೂ ಇಲ್ಲ. ಮೊಮ್ಮಕ್ಕಳೇ, ನಿಮ್ಮ ಅಜ್ಜ ಇದ್ದಾಗ ಅವರಿಗೂ ನಾನು ಇದನ್ನು ಹೇಳಿರಲಿಲ್ಲ. ಹೊಸ ವರ್ಷಕ್ಕೆ ಏನೇನು ಮಾಡುವುದೆಂದು ನೀವು ಗೋಡೆಗೆ ಬರೆದು ಅಂಟಿಸಿದ್ದೀರಲ್ಲ, ನಮ್ಮಲ್ಲೂ ಅಂಥದೊಂದು ರೂಢಿಯಿತ್ತು. ಅಪ್ಪ ಸೀರೆ ನೇಯುವ ಮಗ್ಗಕ್ಕೆ ರಜೆಯಿರುತ್ತಿದ್ದ ಆ ಬೆಳಿಗ್ಗೆ, ಆ ಹಿಟ್ಟಿನ ನೀರಿಗೆ ಬೇವಿನ ಹೂ ಬೆರೆಸಿದ ಬೇವು ಕುಡಿದ ಮೇಲೆ, ಪ್ರತಿಯೊಬ್ಬರೂ ಈ ವರ್ಷ ತಾವು ಮಾಡುವ ಒಂದು ಕೆಲಸ ಹೇಳಬೇಕು. "ಕೈಗೆ ಎಟಕೂದು ಹೇಳ್ರಿ, ಮುಗಿಲಿಗೆ ನಿಚ್ಚಣಿಕಿ ಹಾಕಬ್ಯಾಡ್ರಿ" ಅನ್ನುತ್ತಿದ್ದಳು ಅಪ್ಪನ ತಾಯಿ, ನಮ್ಮ ಆಯಿ. ಅಪ್ಪ ಪ್ರತಿ ಸಲವೂ ತಂಬಾಕು ಬಿಡುವೆನೆನ್ನುತ್ತಿದ್ದ. ಮೊದಲ ಬಾಯಾಗಿಂದು ಉಗುಳಿ ಬಂದು ಹೇಳಪಾ ಎಂದು ಆಯಿ ಅಂದಾಗ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಕೊನೆಗೆ ಅವ್ವನ ಸರದಿ. ನೆಲ ನೋಡುತ್ತ, "ಪಂಚಮಿಗೆ ತವರಿಗೆ ಹೋಗಿ ಬರ್ತೇನ್ರಿ" ಅನ್ನುತ್ತಿದ್ದಳು.

ಅವಳ ತವರು ಬಾದಾಮಿ. ಹುನಗುಂದದಲ್ಲಿ ಬಸ್ಸು ಬದಲಿಸಿದರೂ ಮಧ್ಯಾಹ್ನದೊಳಗೆ ಮುಟ್ಟುವ ದಾರಿ. ಶ್ರಾವಣದಲ್ಲಿ ನಾಗರ ಪಂಚಮಿ ಹತ್ತಿರ ಬಂದಾಗ ಸೋದರಮಾವ, ಅಲ್ಲಿಯ ಅಜ್ಜಿ ಕಟ್ಟಿಕೊಟ್ಟ ಉಂಡಿಗಳ ಬುಟ್ಟಿ ಹಿಡಿದು, ಕರೆಯಲು ಬರುತ್ತಿದ್ದ. ಹಬ್ಬದ ಸೀರೆಗಳ ಕೆಲಸ ಬಿರುಸಾಗುವುದೂ ಆಗಲೇ. ಅಪ್ಪ ನೇಯಬೇಕಾದರೆ ಅವ್ವ ಕಂಡಿಕೆಗೆ, ಲಾಳಿಯೊಳಗಿನ ಪುಟ್ಟ ಕೊಳವೆಗೆ, ನೂಲು ಸುತ್ತಿ ಕೊಡಬೇಕು. ಅವಳು ಎದ್ದರೆ ಮಗ್ಗ ನಿಲ್ಲುತ್ತಿತ್ತು. ಹಾಸು ಮುಗಿಯಲಿ, ಕಳಿಸುತ್ತೇವೆ ಎಂದು ಆಯಿ ಮಾವನಿಗೆ ಚಹಾ ಕೊಡುತ್ತಿದ್ದಳು. ಮಗ್ಗಕ್ಕೆ ಏರಿಸಿದ ಹಾಸು, ಅಂದರೆ ಉದ್ದೆಳೆಗಳ ಸಾಲು, ಎಂದೂ ಮುಗಿಯುವುದಿಲ್ಲ, ಮಕ್ಕಳೇ. ಹಳೆಯ ಹಾಸಿನ ತುದಿಯ ಎಳೆಗಳಿಗೇ ಹೊಸದರ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಮಾವ ಖಾಲಿ ಬುಟ್ಟಿ ಹಿಡಿದು ಒಬ್ಬನೇ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದ. ವರ್ಷವರ್ಷಕ್ಕೆ ಅವ್ವನ ಮಾತು ಸಣ್ಣದಾಯಿತು. ಮೊದಲು ಶ್ರಾವಣವೆಲ್ಲ ಇದ್ದು ಬರುವೆನೆಂದಳು, ಆಮೇಲೆ ಹಬ್ಬದಷ್ಟು ದಿನ, ಆಮೇಲೆ ಒಂದು ರಾತ್ರಿ. ಕಡೆಗೆ, ಮುಂಜಾನೆ ಹೋಗಿ ಸಂಜೆಗೆ ತಿರುಗಿ ಬರುತ್ತೇನೆ, ಹಡೆದವ್ವನ ಮುಖ ನೋಡಿದರೆ ಸಾಕು ಎಂದಳು. ಅದೂ ಆಗಲಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ದೀಪಾವಳಿ ಕಳೆದ ಮೇಲೆ, ಬಾದಾಮಿಯ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಅಂದು ಯಾರೂ ಹಾಸಿನ ಮಾತೆತ್ತಲಿಲ್ಲ. ಅಪ್ಪನೇ ಮಗ್ಗದಿಂದ ಎದ್ದು ಅವ್ವನನ್ನೂ ನನ್ನನ್ನೂ ಬಾದಾಮಿಗೆ, ಅಜ್ಜಿಯ ಮಣ್ಣಿಗೆ ಕರೆದೊಯ್ದ. ಅಲ್ಲಿ ಅವ್ವ ಅಳಲಿಲ್ಲ. ಅಡುಗೆಮನೆಯ ಗೋಡೆ, ಒಳಕಲ್ಲು, ಹಿತ್ತಲ ಬಾಗಿಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತ ಓಡಾಡಿದಳು.

ಮುಂದಿನ ಯುಗಾದಿಗೆ ಆಯಿ ಯಾರ ಸರದಿಗೂ ಕಾಯಲಿಲ್ಲ. "ಈ ಪಂಚಮಿಗೆ ಹೋಗಿ ಬಾ, ನನ್ನವ್ವಾ. ಕಂಡಿಕಿ ನಾ ಸುತ್ತತೇನಿ" ಎಂದು ಸೊಸೆಯ ಕೈ ಹಿಡಿದಳು.

ಅವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅಲ್ಲಿ ನನ್ನ ದಾರಿ ಕಾಯವ್ರು ಯಾರದಾರ್ರಿ, ಅತ್ತಿ? ದೀಪಾವಳಿ ಸೀರಿ ಹೊತ್ತಿಗೆ ಸರಿಯಾಗಿ ಮುಗಸೂಣು. ಈ ವರ್ಷ ನಂದು ಅಷ್ಟ."

ಆ ವರ್ಷ ಸೀರೆಗಳು ಹೊತ್ತಿಗೆ ಮುಂಚೆಯೇ ಮುಗಿದವು. ಅವ್ವ ಇರುವ ತನಕ ಪ್ರತಿ ವರ್ಷವೂ ಮುಗಿದವು.