ಶಾಲು ಹೊದ್ದವರು ಏಳುವಂತಿಲ್ಲ

ನಮ್ಮ ಕಡೆಯ ಸಭೆಗಳಲ್ಲಿ ಒಂದು ಕಟ್ಟಳೆ ಇದೆ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವನು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಊಟದ ವಾಸನೆ ಬಂದರೆ ಸಾಕು, ಅರ್ಧ ಸಭೆಯೇ ಎದ್ದು ಹೋಗುತ್ತದೆ. ಆದರೆ ವೇದಿಕೆಗೆ ಕರೆದು ಶಾಲು ಹೊದಿಸಿದರೋ, ಮುಗಿಯಿತು. ವಂದನಾರ್ಪಣೆ ಆಗುವವರೆಗೆ ಅಲ್ಲಾಡುವಂತಿಲ್ಲ. ನಡುವೆ ಎದ್ದರೆ ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ: ಅವ ಮುನಿಸಿಕೊಂಡಿದ್ದಾನೆ, ಎದುರು ಪಕ್ಷದವರ ಜೊತೆ ಮಾತಾಗಿದೆ.

ಇದು ಗೊತ್ತಿದ್ದೂ ನಾನು ಕಮಲಾಪುರಕ್ಕೆ ಹೋದೆ. ತಾಲೂಕು ಪಂಚಾಯಿತಿ ಚುನಾವಣೆಗೆಂದು ಪಕ್ಷದ ನಿಧಿ ಕೂಡಿಸುವ ಸಭೆ, ಅದರ ಉಸ್ತುವಾರಿ ನನ್ನ ದೊಡ್ಡಪ್ಪನ ಮಗನದು. ನಾನು ಕಲಬುರಗಿಯ ಶಹಾಬಜಾರದಲ್ಲಿ ಪೈಪು, ಮೋಟರು ಮಾರುವವನು. ನನಗೆ ಯಾವ ಪಕ್ಷವೂ ಇಲ್ಲ, ನೀರು ಎಲ್ಲ ಪಕ್ಷದವರಿಗೂ ಬೇಕು. “ಬರೇ ಬಂದು ಕುಂತು ಹೋಗು ತಮ್ಮಾ, ನಮ್ಮ ಮಂದಿ ಕಾಣಬೇಕು” ಎಂದು ಅಣ್ಣ ಬೆಳಿಗ್ಗೆ ತನ್ನ ಜೀಪಿನಲ್ಲೇ ಹತ್ತಿಸಿಕೊಂಡ.

ಹೊರಡುವ ಮುಂಚೆ ಪಕ್ಕದ ಮನೆಗೆ ಹೋಗಿ ಗೆಳೆಯನನ್ನು ನೋಡಿ ಬಂದಿದ್ದೆ. ದರ್ಜಿ. ನಮ್ಮಿಬ್ಬರ ಅಂಗಡಿಗಳ ನಡುವೆ ಒಂದೇ ಗೋಡೆ. ಅವನ ಮಿಷಿನ್ನಿನ ಸದ್ದು ಇಲ್ಲದಿದ್ದರೆ ನನಗೆ ಮಧ್ಯಾಹ್ನದ ನಿದ್ದೆಯೇ ಹತ್ತುತ್ತಿರಲಿಲ್ಲ. ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಭಾಷಣಗಳನ್ನು ಅಣಕಿಸುವುದರಲ್ಲಿ ಅವನು ಎತ್ತಿದ ಕೈ. ಕತ್ತರಿಯನ್ನೇ ಮೈಕಿನಂತೆ ಹಿಡಿದು ಶುರು ಮಾಡಿದರೆ ಗಿರಾಕಿಗಳು ಅಳತೆ ಕೊಡುವುದನ್ನೇ ಮರೆಯುತ್ತಿದ್ದರು. “ಹೋಗಿ ಬಾರೋ. ಯಾರ‍್ಯಾರು ಏನೇನ್ ಒದರಿದ್ರು, ಸಂಜಿಗಿ ಬಂದು ಹೇಳು” ಎಂದ. ದನಿ ಸಣ್ಣಗಾಗಿತ್ತು, ನಗು ಮಾತ್ರ ಹಳೆಯದೇ.

ಹನ್ನೊಂದಕ್ಕೆ ಎಂದಿದ್ದ ಸಭೆ ಒಂದಕ್ಕೆ ಶುರುವಾಯಿತು. ನಿರೂಪಕ ನನ್ನನ್ನು “ಹೆಸರಾಂತ ಉದ್ಯಮಿಗಳು” ಎಂದು ಕೂಗಿ ವೇದಿಕೆಗೆ ಎಳೆದ. ಶಾಲು ಬಿತ್ತು. ಎರಡನೆಯ ಸಾಲಿನ ನಟ್ಟನಡುವೆ ಕೂರಿಸಿದರು. ಮುಂದೆ ಅಣ್ಣ, ಅಭ್ಯರ್ಥಿಗಳು ಕೂತ ಸೋಫಾ, ಹಿಂದೆ ಬ್ಯಾನರು, ಆಚೀಚೆ ನನಗಿಂತ ದಪ್ಪ ಮನುಷ್ಯರು. ಇಳಿಯಬೇಕೆಂದರೆ ಭಾಷಣ ಮಾಡುವವನ ಮುಂದೆಯೇ ಹಾಯಬೇಕು.

ಮೊದಲ ಅಭ್ಯರ್ಥಿ ಕಮಲಾಪುರದ ಕೆಂಪು ಬಾಳೆಹಣ್ಣನ್ನು ವಿಮಾನ ಹತ್ತಿಸಿಯೇ ತೀರುತ್ತೇನೆಂದ. ಎರಡನೆಯವನು “ನಾ ಮಾತಾಡಾಂವ ಅಲ್ಲ, ಕೆಲಸ ಮಾಡಾಂವ” ಎಂದು ಮೊದಲು ಮಾಡಿ, ಎರಡು ಬಾಟಲಿ ನೀರು ಕುಡಿಯುವಷ್ಟು ಹೊತ್ತು ಮಾತಾಡಿದ. ನಾನು ಒಂದೊಂದನ್ನೂ ಗೆಳೆಯನಿಗಾಗಿ ಮನಸ್ಸಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದೆ. ನಡುನಡುವೆ ದೇಣಿಗೆ. ವೇದಿಕೆಯ ಮೇಲೆ ಯಾರಾದರೂ ಎದ್ದು ನಿಂತರೆ ಸಾಕು, ನಿರೂಪಕ ಓಡಿಬಂದು ಮೈಕು ಕೊಡುತ್ತಿದ್ದ, ಅವರು ಇಷ್ಟು ಕೊಡುತ್ತೇನೆ ಎನ್ನುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು.

ನನ್ನ ಎಡಕ್ಕಿದ್ದ ಗುತ್ತಿಗೆದಾರರೊಬ್ಬರು ಮಾತ್ರ ದೇಣಿಗೆಯ ಸರದಿ ಹತ್ತಿರ ಬರುತ್ತಲೇ ಅಣ್ಣನ ಕಿವಿಯಲ್ಲಿ “ಊರಾಗ ಮಣ್ಣದರೀ, ಹೋಗಲೇಬೇಕು” ಎಂದು ಹೇಳಿ ಬಗ್ಗಿಕೊಂಡು ಇಳಿದರು. ಅವರು ಹೋದ ಮೇಲೆ ಅಣ್ಣ ನನ್ನ ಕಡೆ ತಿರುಗಿ ನಕ್ಕ. “ಸಭಾ ಇದ್ದಾಗೊಮ್ಮೆ ಇವರ ಮನ್ಯಾಗ ಯಾರರೇ ಸಾಯ್ತಾರ ನೋಡು.” ನಾನೂ ನಕ್ಕೆ.

ಆಗಲೇ ಫೋನು ನಡುಗಿದ್ದು. ಗೆಳೆಯನ ದೊಡ್ಡ ಮಗ. ತಲೆ ತಗ್ಗಿಸಿ ಕಿವಿಗೆ ಹಿಡಿದೆ. “ಅಬ್ಬಾ ಹೋದ್ರು ಕಾಕಾ. ಸಂಜಿಗಿ ಅಸರ್ ನಮಾಜ್ ಆದಮ್ಯಾಲ ಮಣ್ಣು. ನೀವು ಬರ‍್ರಿ, ನಿಮ್ಮ ಸಲುವಾಗಿ ತಡೀತೀವಿ.”

ಧ್ವನಿವರ್ಧಕದಲ್ಲಿ ಮೂರನೆಯ ಅಭ್ಯರ್ಥಿ ಯಾವುದೋ ರಸ್ತೆಯ ತಗ್ಗುಗಳ ಬಗ್ಗೆ ಕೂಗುತ್ತಿದ್ದ. ನನಗೆ ಅಳು ಬರಲಿಲ್ಲ. ಮುಂದೆ ಬಾಗಿ ಅಣ್ಣನ ಹೆಗಲು ಮುಟ್ಟಿದೆ.

“ಅಣ್ಣಾ, ನಾ ಹೋಗಬೇಕು. ಬಾಜೂ ಮನಿ ದರ್ಜಿ ಹೋಗ್ಯಾನ. ಸಂಜಿಗಿ ಮಣ್ಣದ.”

ಅಣ್ಣ ತಿರುಗಲೂ ಇಲ್ಲ. “ಆ ನೆವ ಒಬ್ಬರು ಹೇಳಿ ಹೋಗ್ಯಾರ ತಮ್ಮಾ, ನೀ ಬ್ಯಾರೆ ಹುಡುಕು.”

“ಖರೇನ ಹೇಳಾಕತ್ತೀನಿ.”

“ಅವರೂ ಖರೇನ ಅಂದ್ರು. ಒಂದ್ ಹತ್ತು ನಿಮಿಷ ಸುಮ್ಮ ಕೂಡು. ಇಷ್ಟು ಮಂದಿ ಮುಂದ ನನ್ನ ಮಾನ ಕಳೀಬ್ಯಾಡ.”

ಕಿವಿ ಕೆಂಪಾಗಿತ್ತು ಅವನದು. ಇನ್ನೊಬ್ಬ ಎದ್ದರೆ ಅವನ ಉಸ್ತುವಾರಿ ಎಕ್ಕುಟ್ಟಿ ಹೋಗುತ್ತದೆಂದು ಅವನ ಹೆದರಿಕೆ. ನಾನು ಕೂತೆ. ಹತ್ತು ನಿಮಿಷ ತಾನೇ ಎಂದುಕೊಂಡೆ. ಮೂರನೆಯವನು ಮುಗಿಸಿದ, ನಾಲ್ಕನೆಯವನು ಎದ್ದ, ಹಾರ, ಫೋಟೋ, ಮತ್ತೆ ಹಾರ. ಹತ್ತು ನಿಮಿಷ ಹೋಗಿ ಗಂಟೆ ಐದಾಯಿತು. ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು, ತೆಗೆಯಲು ಕೈ ಬರಲಿಲ್ಲ. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದಾಗೆಲ್ಲ ನನ್ನ ಕೈಗಳೂ ತಟ್ಟುತ್ತಿದ್ದವು. ಇಂಥ ಹೇಡಿ ಕೈಗಳನ್ನು ನಾನು ನೋಡಿಲ್ಲ.

ನಾಲ್ಕನೆಯವನು “ಗೆಳೆಯರೇ, ನಿಮ್ಮ ಕಷ್ಟಕ್ಕ ನಾ ಓಡಿಬರ್ತೀನಿ” ಎಂದಾಗ ನನಗೆ ತಡೆಯಲಿಲ್ಲ. ಎದ್ದು ನಿಂತೆ.

ಭಾಷಣ ನಿಂತಿತು. ನಿರೂಪಕ ಹಿಗ್ಗಿ ಓಡಿಬಂದ. “ನಮ್ಮ ಉದ್ಯಮಿಗಳು ಎದ್ದಿದ್ದಾರೆ, ದೊಡ್ಡ ಮನಸ್ಸಿನಿಂದ ಘೋಷಣೆ ಮಾಡಲಿದ್ದಾರೆ” ಎಂದು ನನ್ನ ಬಾಯಿಗೆ ಮೈಕು ಹಿಡಿದ. ಅಣ್ಣ ಬೆರಗಾಗಿ ನೋಡಿದ. ನನ್ನ ಬಾಯಿಂದ ಬಂದದ್ದು ಇಷ್ಟೇ: “ನನ್ನ ಗೆಳ್ಯಾ ತೀರಿಕೊಂಡಾನ. ನಾ ಮಣ್ಣಿಗಿ ಹೋಗ್ತೀನಿ.”

ಹಿಂದಿನ ಸಾಲುಗಳಲ್ಲಿ ಕೂತವರಿಗೆ ಏನು ಕೇಳಿಸಿತೋ, ರೂಢಿಯಂತೆ ಜೋರಾಗಿ ಚಪ್ಪಾಳೆ ಹೊಡೆದರು. ಆ ಸದ್ದಿನೊಳಗೇ ಸೋಫಾ ದಾಟಿ, ಅಭ್ಯರ್ಥಿಯ ಹೊಟ್ಟೆಗೆ ಉಜ್ಜಿಕೊಂಡು ಇಳಿದೆ. ಅಣ್ಣ ಆಗ ನಂಬಿದ. ಹಿಂದೆ ಓಡಿಬಂದು “ಜೀಪ್ ತಗೊಂಡ್ ಹೋಗೋ” ಎಂದ. ಜೀಪಿನ ಮುಂದೆ ಇಪ್ಪತ್ತು ಗಾಡಿ ಅಡ್ಡ ನಿಂತಿದ್ದವು. ರಸ್ತೆಗೆ ಓಡಿ, ಸಿಕ್ಕ ಬಸ್ಸು ಹತ್ತಿದೆ. ಅದು ಕೈ ಮಾಡಿದವರೆಲ್ಲರ ಮುಂದೆ ನಿಂತು ನಿಂತು ಬಂತು.

ನಾನು ಖಬರಸ್ತಾನ ಮುಟ್ಟಿದಾಗ ಜನ ಕೈಗಳ ಮಣ್ಣು ಕೊಡವಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಒಳಗೆ ಗೆಳೆಯನ ಮಗ ಹೊಸ ಮಣ್ಣಿನ ಪಕ್ಕದಲ್ಲಿ ಒಬ್ಬನೇ ನಿಂತಿದ್ದ. ನನ್ನನ್ನು ನೋಡಿ ಸರಿದು ಜಾಗ ಕೊಟ್ಟ. ನಾನು ಮಣ್ಣಿನ ಮೇಲೆ ಕೈಯಿಟ್ಟು ಕೂತೆ. ಆಗ ಅಳು ಬಂತು.

“ಒಂದೀಟು ತಡೀಬಾರ್ದೇನಪಾ” ಎಂದೆ. ಕೇಳಬಾರದಿತ್ತು.

“ತಡದಿದ್ವಿ ಕಾಕಾ. ನೀವು ದಾರ‍್ಯಾಗದೀರಿ ಅಂತ ಅಮ್ಮಿ ಯಾರಿಗೂ ಎತ್ತಗೊಡಲಿಲ್ಲ. ಆಮ್ಯಾಲ ಯಾರೋ ಮೊಬೈಲ್‌ನಾಗ ಆ ಸಭಾ ಲೈವ್ ಹಚ್ಚಿದ್ರು. ನೀವು ಸ್ಟೇಜಿನ ಮ್ಯಾಲ ಚಪ್ಪಾಳಿ ಹೊಡ್ಯಾಕತ್ತಿದ್ರಿ. ಅಮ್ಮಿ ನೋಡಿದ್ರು. ‘ಅವರು ಬರಂಗಿಲ್ಲ, ಒಯ್ರಿ’ ಅಂದ್ರು.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.