ನರೆತ ತಲೆಗೆ ಮಸಿಕೊಡೆ

“ಮುದಿ ಎತ್ತುಗಳಿಗೆ ಮಸಿ ಬಳಿದು ನನ್ನ ತಲೆಗೆ ಕಟ್ತೀಯೇನೋ, ನಾಯಿಕೊಡೆ ಭಿಕಾರಿ?”

ಬೆಳಕು ಹರಿಯುವ ಹೊತ್ತು. ಕೂಲಿಗೆ ಆಳು ಆರಿಸುವ ವೃತ್ತದಲ್ಲಿ ಎಲ್ಲರೆದುರೇ ಮೇಸ್ತ್ರಿ ಕೂಗುತ್ತಾನೆ. ಗಾರೆ ಕಲಸುವವನೊಬ್ಬನ ತಲೆ ಸವರಿದ್ದಕ್ಕೆ ಅವನ ಅಂಗೈ ಕಪ್ಪಾಗಿದೆ. ಬೈಸಿಕೊಂಡ ಕ್ಷೌರಿಕ ಗೋಡೆಗೆ ಒರಗಿಸಿದ ಕನ್ನಡಿಯೆದುರು ಇನ್ನೊಬ್ಬನ ಕಿವಿಯ ಹಿಂದೆ ಕತ್ತರಿ ಆಡಿಸುತ್ತಲೇ ಇದ್ದಾನೆ.

ನರೆತ ತಲೆಗೆ ಇಲ್ಲಿ ಕೂಲಿಯಿಲ್ಲ. ಇಟ್ಟಿಗೆ ಹೊರುವುದು ಹೆಗಲು, ಕೂದಲಲ್ಲ. ಅದು ಮೇಸ್ತ್ರಿಗೂ ಗೊತ್ತು. ಆದರೂ ಬಿಳಿ ಕಂಡರೆ ಸಾಕು, “ಮೊಮ್ಮಕ್ಕಳನ್ನ ಆಡಿಸ್ಕೊಂಡು ಮನೇಲಿರು, ತಾತ” ಎಂದು ನಾಲ್ಕು ಜನರನ್ನು ನಗಿಸಿ ಮುಂದೆ ಹೋಗುತ್ತಾನೆ. ಹಾಗೆ ಉಳಿದುಹೋದವರು ಈ ಕ್ಷೌರಿಕನ ಮುಂದೆ ಕೂರುತ್ತಾರೆ. ದಿನಕ್ಕೆ ಐದಾರು ತಲೆ.

ಅವರ ನರೆಗೆ ಹಚ್ಚುವ ಬಣ್ಣ ಅಂಗಡಿಯದಲ್ಲ. ಊರಾಚೆಯ ಬೆಂಗಾಡಿನಲ್ಲಿ ಗೆದ್ದಲ ಹುತ್ತದ ಮೇಲೇಳುವ ಅಣಬೆಯದು. ಕಲಿತವರು ಅದರ ಕುಲವನ್ನು ಪೊಡಾಕ್ಸಿಸ್ ಎನ್ನುತ್ತಾರಂತೆ. ಈತನಿಗೆ ಅದು ಮಸಿಕೊಡೆ. ಬೇರೆ ಅಣಬೆ ಕೊಳೆತು ಬೀಳುತ್ತದೆ. ಇದು ನಿಂತಲ್ಲೇ ಒಣಗಿ ಒಳಗೆಲ್ಲ ಕಪ್ಪು ಪುಡಿಯಾಗುತ್ತದೆ. ಅದನ್ನು ಬಟ್ಟೆಗೆ ಕೊಡವಿಕೊಂಡು ಬಂದು, ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾನೆ.

ಮೇಸ್ತ್ರಿ ಕೂಲಿಯವರ ಸಾಲಿನ ಆ ತುದಿಗೆ ಹೋದ ಮೇಲೆ ಕ್ಷೌರಿಕ ಎದುರು ಕೂತವನಿಗೆ ತಗ್ಗಿದ ದನಿಯಲ್ಲಿ ಹೇಳುತ್ತಾನೆ: “ಬಿಸಿಲೇರಿದ ಮೇಲೆ ಕೊಡವಬೇಕು. ಇಬ್ಬನಿ ಕುಡಿದ ಪುಡಿ ಕೂದಲಿಗೆ ಹಿಡಿಯಲ್ಲ. ಮೊನ್ನೆ ಅವಸರ ಮಾಡ್ದೆ. ಇವನ ಕೂಲಿ ಹೋಗಿದ್ದು ನನ್ನಿಂದ.”

“ಇರ್ಲಿ ಬಿಡಣ್ಣ,” ಎನ್ನುತ್ತಾನೆ ಗಾರೆಯವ. “ಮಳೆ ಬಂದಿದ್ರೆ ಮೇಸ್ತ್ರಿ ಅಂಗಿಯೂ ಕಪ್ಪಾಗ್ತಿತ್ತು.”

ಕ್ಷೌರಿಕನ ತಲೆ ಮಾತ್ರ ಅಚ್ಚ ಬಿಳಿ. “ಊರಿಗೆಲ್ಲ ಹರೆಯ ಹಂಚ್ತಾರೆ, ನನ್ನ ಪಾಲಿಗೆ ಮುದುಕ” ಎಂದು ಹೆಂಡತಿ ಮೂದಲಿಸುತ್ತಾಳಂತೆ. “ನನ್ನನ್ನ ಯಾರು ಕೂಲಿಗೆ ಕರೀತಾರೆ?” ಎಂದು ನಗುತ್ತಾನೆ ಅವನು. “ಇವರನ್ನ ಕೂರಿಸೋಕೆ ಒಂದು ಸೂರು ಸಿಕ್ಕಿದ್ರೆ ಸಾಕು. ಬಿಸಿಲಿಗೆ ಹಚ್ಚಿದ ಎಣ್ಣೆ ಇವರ ಹಣೆಗಿಳಿಯುತ್ತೆ.”

ಮೇಸ್ತ್ರಿ ಮರಳಿ ಬರುತ್ತಾನೆ. ಈಗ ದನಿಯಲ್ಲಿ ಬೆಣ್ಣೆ.

“ನೋಡಯ್ಯಾ, ಕಟ್ಟಡದ ಹತ್ರಾನೇ ನಿನಗೊಂದು ಶೆಡ್ ಹಾಕಿಸ್ಕೊಡ್ತೀನಿ. ಈ ಸಾಲಿನಲ್ಲಿ ಯಾರ್ಯಾರಿಗೆ ಹಚ್ಚಿದೀಯ, ಬೆರಳು ತೋರ್ಸು. ಇಲ್ಲಾಂದ್ರೆ ನಾಳೆಯಿಂದ ಈ ಗೋಡೆ ಹತ್ರ ಕಾಣಿಸ್ಕೋಬೇಡ.”



ಕ್ಷೌರಿಕ ಕೂತವನ ಕೊರಳಿನ ಬಟ್ಟೆ ಬಿಚ್ಚಿ ಕೊಡವುತ್ತಾನೆ. ಸಾಲಿನತ್ತ ಕಣ್ಣೆತ್ತುವುದಿಲ್ಲ, ಒಬ್ಬನನ್ನು ನೋಡಿದರೂ ಬೆರಳು ತೋರಿಸಿದಂತೆಯೇ. ಕನ್ನಡಿಯನ್ನು ಕಂಕುಳಿಗೆ ಸೇರಿಸುತ್ತಾನೆ, ಪೆಟ್ಟಿಗೆ ಎತ್ತಿಕೊಳ್ಳುತ್ತಾನೆ, ರಸ್ತೆ ದಾಟಿ ಹೋಗುತ್ತಾನೆ.