ನಡುವೆ ಬಿದ್ದ ಚೆಂಡುಗಳು

1942ನೇ ಇಸವಿ, ಫೆಬ್ರವರಿ 8, ಭಾನುವಾರ. ಸಂಜೆ 6-10. ಮದ್ದೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಬರೆಯಲು ಶುರುಮಾಡಿದ್ದೇನೆ. ಮಂಡ್ಯದ ರೈಲಿಗೆ ಇನ್ನೂ ಹೊತ್ತಿದೆ. ಬರೆದದ್ದನ್ನು ನಮ್ಮ ವಾಚನಾಲಯದ ಕೈಬರಹದ ಪತ್ರಿಕೆಗೆ ಕೊಡುತ್ತೇನೆ. ಯಾರಿಗೆ ಬೇಸರವಾದರೂ ಆಗಲಿ.

ಆರು ಊರುಗಳ ಬಾಲ್ ಬ್ಯಾಡ್ಮಿಂಟನ್ ಪಂದ್ಯಗಳಲ್ಲಿ ಇವತ್ತಿಗೆ ನಮ್ಮ ಅರ್ಧ ಮುಗಿಯಿತು. ಪ್ರತಿ ಊರಿನ ಜೊತೆ ಎರಡು ಸಲ ಆಡಬೇಕು, ನಮ್ಮ ಮಂಡ್ಯದವರು ಎಲ್ಲರ ಜೊತೆ ಒಂದೊಂದು ಸಲ ಆಡಿದ್ದಾರೆ. ಹನಕೆರೆ, ಕೊತ್ತತ್ತಿಗಳನ್ನು ಗೆದ್ದರು. ಮಳವಳ್ಳಿಗೆ ಸೋತರು, ಬೆಳಕವಾಡಿಗೆ ಸೋತರು, ಇವತ್ತು ಮದ್ದೂರಿಗೂ ಸೋತರು. ಅದೂ ಕಡೆಯ ಗೇಮಿನಲ್ಲಿ ಮೂರೇ ಪಾಯಿಂಟಿನಿಂದ.

ಸೋತದ್ದಕ್ಕೆ ನನಗೆ ಸಿಟ್ಟಿಲ್ಲ. ಸೋತ ರೀತಿಗೆ ಸಿಟ್ಟು.

ನಮ್ಮ ತಂಡದ ಐವರಲ್ಲಿ ನಡುವೆ ನಿಲ್ಲುವವರು ಹೆಡ್‌ಮಾಸ್ಟರು. ವಯಸ್ಸು ಐವತ್ತೆರಡು. ತಂಡ ಕಟ್ಟಿದವರೂ ಅವರೇ, ಕ್ಯಾಪ್ಟನ್ನೂ ಅವರೇ. ಮಿಕ್ಕ ನಾಲ್ವರೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಓದಿದವರು. ಅವರ ಹಿಂದೆ ಬಲಕ್ಕೆ ನಿಲ್ಲುವವನು ಪೇಟೆಬೀದಿಯಲ್ಲಿ ಪಂಪು, ಸೈಕಲ್ಲು ರಿಪೇರಿ ಮಾಡುವ ಸಾಬರ ಮನೆಯ ಮೆಕ್ಯಾನಿಕ್, ಶಾಲೆಯಲ್ಲಿ ನನ್ನ ಪಕ್ಕ ಕೂತವನು. ಅವನಂಥ ಆಟಗಾರ ಆರು ಊರಿನಲ್ಲೂ ಇಲ್ಲ. ಆದರೆ ಚೆಂಡು ಅವನಿಗೂ ಮೇಷ್ಟ್ರಿಗೂ ನಡುವೆ ಬಂದರೆ ಮೇಷ್ಟ್ರು ಬ್ಯಾಟು ಎತ್ತುತ್ತಾರೆ, ಇವನು ನಿಂತುಬಿಡುತ್ತಾನೆ. ಅವರ ಬ್ಯಾಟು ಗಾಳಿಯಲ್ಲಿ ತಿರುಗುತ್ತದೆ. ಹಳದಿ ಉಣ್ಣೆಚೆಂಡು ಇಬ್ಬರ ಮಧ್ಯೆ ಮಣ್ಣಿಗೆ ಬೀಳುತ್ತದೆ. ಇಬ್ಬರೂ ಅದನ್ನು ನೋಡುತ್ತಾರೆ.

ಇವತ್ತು ಮದ್ದೂರಿನ ಕಡೆಯ ಹುಡುಗನೊಬ್ಬ ತನ್ನ ಸೋದರಮಾವನಿಗೇ "ಬುಡು ಮಾವ, ನಂದು" ಅಂತ ಕೂಗಿದ. ಮಾವ ತಲೆ ಬಗ್ಗಿಸಿದ, ಹುಡುಗ ಹೊಡೆದ, ಪಾಯಿಂಟು ಬಂತು. ನಮ್ಮಲ್ಲಿ ಹೆಡ್‌ಮಾಸ್ಟರಿಗೆ "ಬಿಡಿ ಸಾರ್" ಅನ್ನುವ ಗಂಡು ಇನ್ನೂ ಹುಟ್ಟಿಲ್ಲ.

ನಾನು ಆಡುವವನಲ್ಲ, ನೋಡುವವನು; ಹೀಗೆ ನಡುವೆ ಬಿದ್ದ ಚೆಂಡುಗಳನ್ನು ಮೊದಲ ಪಂದ್ಯದಿಂದಲೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಎಣಿಸಿದ್ದೇನೆ. ಹನಕೆರೆಯಲ್ಲಿ ನಾಲ್ಕು, ಕೊತ್ತತ್ತಿಯಲ್ಲಿ ಆರು, ಮಳವಳ್ಳಿಯಲ್ಲಿ ಒಂಬತ್ತು, ಇಲ್ಲಿ ಹನ್ನೊಂದು. ಹನ್ನೊಂದರಲ್ಲಿ ಏಳು ಕಡೆಯ ಗೇಮಿನಲ್ಲೇ. ಮೂರು ಪಾಯಿಂಟಿಗೆ ಸೋತವರಿಗೆ ಏಳು ಅಂದರೆ ಏನೆಂದು ಹೇಳಬೇಕಾಗಿಲ್ಲ.

ಆಟ ಮುಗಿದ ಮೇಲೆ ಮೇಷ್ಟ್ರು ನೆಟ್ಟಿನ ಪಕ್ಕದಲ್ಲೇ, ಮದ್ದೂರಿನವರ ಎದುರಿಗೇ, ಮೆಕ್ಯಾನಿಕ್ಕನಿಗೆ ಅಂದರು: "ನಿನ್ನ ಮೈಯಲ್ಲಿ ಚುರುಕೇ ಇಲ್ಲವಲ್ಲಯ್ಯ. ಮುಂದಿನ ಭಾನುವಾರ ನೀನು ಬರಬೇಡ. ಬೇರೆಯವರನ್ನ ನೋಡ್ತೀನಿ." ಇವನು "ಆಗ್ಲಿ ಸಾರ್" ಅಂದು ಬ್ಯಾಟಿಗೆ ಬಟ್ಟೆ ಸುತ್ತಿಕೊಂಡ.

ನನಗೆ ಮೈಯೆಲ್ಲ ಉರಿಯಿತು. ಸ್ಟೇಷನ್ನಿಗೆ ಬಂದವನೇ ನೋಟ್‌ಬುಕ್ಕನ್ನು ಮೇಷ್ಟ್ರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು, ಕಾಪಿ ತಿದ್ದುವ ಹಾಗೆ ಬೆರಳಿಟ್ಟು ಓದಿದರು.

"ನಾಲ್ಕು ಪಂದ್ಯ ಇದೆ. ಬೆಳಕವಾಡಿದು ಎಲ್ಲಿ?"

"ಆವತ್ತು ನಾನು ಬರಲಿಲ್ಲ ಸಾರ್. ಇದ್ದಿಲಲ್ಲಿ ಓಡೋ ಬಸ್ಸಲ್ಲಿ ಆಟಗಾರರಿಗೆ ಮಾತ್ರ ಜಾಗ ಇತ್ತು."

"ಬೆಳಕವಾಡೀಲಿ ನಮ್ಮಿಬ್ಬರ ನಡುವೆ ಬಂದ ಚೆಂಡನ್ನೆಲ್ಲ ಇವನೇ ಹೊಡೆದಿದಾನೆ, ಒಂದೂ ಬಿದ್ದಿಲ್ಲ ಅಂತ ನಾನಂದ್ರೆ?"

"ಹೊಡೆದಿದಾನಾ ಸಾರ್?"

ಅವರು ನೋಟ್‌ಬುಕ್ಕಿನ ಮೇಲೆ ಬೆರಳು ಕುಟ್ಟಿದರು. "ಒಂದು ಲೆಕ್ಕ ಬಿಟ್ಟು ಮೊತ್ತ ಬರೆದ ಹುಡುಗನಿಗೆ ನಾನು ಎಷ್ಟು ಮಾರ್ಕು ಕೊಡ್ತಿದ್ದೆ, ಹೇಳು."

"ಸೊನ್ನೆ ಸಾರ್," ಅಂದೆ. ಅಂದದ್ದಕ್ಕೆ ನನ್ನ ಮೇಲೇ ನನಗೆ ಅಸಹ್ಯವಾಯಿತು. ಓದು ಬಿಟ್ಟು ಆರು ವರ್ಷವಾದ ಮೇಲೂ ಬಾಯಿ ತಾನಾಗಿ ಸೊನ್ನೆ ಅಂದಿತು.

"ಪೂರ್ತಿ ಮಾಡ್ಕೊಂಡು ಬಾ. ಶುಕ್ರವಾರದೊಳಗೆ ತಂದ್ರೆ ನೋಡ್ತೀನಿ," ಅಂದು ನೋಟ್‌ಬುಕ್ಕು ವಾಪಸು ಕೊಟ್ಟರು.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಮೇಲೆ. ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ ಕೂತಿದ್ದ ಮೆಕ್ಯಾನಿಕ್ಕನ ಹತ್ತಿರ ಹೋದರೆ ಅವನು ನನ್ನ ಮೇಲೇ ಹಾಯ್ದ.

"ಮೇಷ್ಟ್ರುಗೆ ಲೆಕ್ಕ ತೋರ್ಸು ಅಂತ ನಿಂಗ್ಯಾರ್ಲಾ ಏಳಿದ್ದು?"

"ನಿನ್ ಪರ್ವಾಗೇ ಕಣ್ಲಾ ತೋರ್ಸಿದ್ದು. ಆ ಚೆಂಡು ನಿಂದು. ಯಾಕ್ಲಾ ಒಡೀಲಿಲ್ಲ?"

"ಅವ್ರು ಕೈ ಎತ್ತಿದ್ರಲ್ಲ."

"ಅವ್ರಿಗೆ ಸಿಕ್ತದಾ?"

"ಸಿಕ್ಕಲ್ಲ. ಗೊತ್ತು. ನಾನು ನುಗ್ಗಿ ಒಡುದ್ರೆ, ಅವ್ರಿಗೆ ವಯಸ್ಸಾಯ್ತು ಅಂತ ಊರೋರ್ಗೆಲ್ಲ ನಾನೇ ತಮಟೆ ಒಡ್ದಂಗಾಯ್ತದೆ. ನೀನು ಬರ್ಕೊಳಾದು ಬರ್ಕೊ, ನನ್ ಕೈಲಾಗಕಿಲ್ಲ."

"ಅಂಗಾರೆ ಮನೇಲಿ ಕೂತ್ಕೊ."

"ಕೂತ್ಕೋತೀನಿ ಬುಡು."

ಅಷ್ಟು ಹೇಳಿ ಮುಖ ತಿರುಗಿಸಿದ. ಕಣ್ಣು ಕೆಂಪಗಿತ್ತು. ವಾರವೆಲ್ಲ ಗ್ರೀಸು ಮೆತ್ತಿಕೊಂಡು ದುಡಿಯುವವನಿಗೆ ಭಾನುವಾರದ ಆಟ ಒಂದೇ ಇರುವುದು. ಅದನ್ನೂ ಮರ್ಯಾದೆಗೆ ಕೊಟ್ಟು ಕೂತಿದ್ದಾನೆ. ಆ ಮರ್ಯಾದೆ ಇಸಕೊಂಡ ಮೇಷ್ಟ್ರಿಗೆ ಅದರ ಅರಿವಿದೆಯೋ ಇಲ್ಲವೋ ನಾನು ಕಾಣೆ. ಅವರು ಆಚೆ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಾರೆ.

ಅವನ ಜಾಗ ಹೋಗದೆ ಇರಬೇಕಾದರೆ ಮೇಷ್ಟ್ರು ಕೇಳಿದ ಆ ಒಂದು ಅಂಕಿ ನನಗೆ ಬೇಕು. ಬೆಳಕವಾಡಿಯ ಪಂದ್ಯವನ್ನು ಗೆರೆಯಾಚೆ ನಿಂತು ನೋಡಿದವರು ನಮ್ಮ ಓದುಗರಲ್ಲಿ ಯಾರಾದರೂ ಇದ್ದರೆ, ಅಥವಾ ಆ ಕಡೆಯ ನೆಂಟರಿಂದ ಕೇಳಿ ತಿಳಿದಿದ್ದರೆ, ಅಂದು ಮೇಷ್ಟ್ರಿಗೂ ಮೆಕ್ಯಾನಿಕ್ಕನಿಗೂ ನಡುವೆ ಬಿದ್ದ ಚೆಂಡು ಎಷ್ಟು ಎಂದು ಈ ಪುಟದ ಕೆಳಗೆ ಬಿಟ್ಟಿರುವ ಜಾಗದಲ್ಲಿ ಬರೆಯಿರಿ. ಅಂದಾಜು ಬೇಡ, ಕಣ್ಣಾರೆ ಕಂಡ ಲೆಕ್ಕ ಬರೆಯಿರಿ. ಒಂದೂ ಬೀಳಲಿಲ್ಲವೆಂದರೆ ಅದನ್ನೂ ಬರೆಯಿರಿ. ಶುಕ್ರವಾರ ಸಂಜೆಯೊಳಗೆ.